ವೈ ಒತ್ತಿದರೂ ಎಂ ಯಾಕೆ ಬರುತ್ತದೆ?

ಪ್ರಶ್ನೆ: ಸರ್, ಒಂದು ಹಳೆಯ ಸರ್ವರ್‌ಗೆ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ನಾನೇ ಬಿಲ್ಡ್ ಮಾಡುತ್ತಿದ್ದೇನೆ. ಇಂಟೆಲ್ ಐ350 ನೆಟ್‌ವರ್ಕ್ ಕಾರ್ಡ್ ಇದೆ. ಡಿಸ್ಕ್ ಇಲ್ಲ, ನೆಟ್‌ವರ್ಕ್‌ನಿಂದಲೇ ಬೂಟ್ ಆಗಬೇಕು. ಅದಕ್ಕೆ ಆ ಕಾರ್ಡಿನ ಐಜಿಬಿ ಡ್ರೈವರ್ ಕರ್ನಲ್ ಒಳಗೇ ಇರಲಿ ಅಂತ, ಏನೇನು ಬೇಕು ಅಂತ ಆರಿಸುವ ಮೆನುಕಾನ್ಫಿಗ್‌ನಲ್ಲಿ ವೈ (ಒಳಗೇ ಸೇರಿಸು) ಒತ್ತಿದರೆ ಅದು ಎಂ (ಬೇರೆ ಮಾಡ್ಯೂಲ್ ಫೈಲ್) ಆಗಿಬಿಡುತ್ತದೆ. ಗಡಿಯಾರ ಹೊಂದಿಸುವ ಪಿಟಿಪಿಯನ್ನು ಪೂರ್ತಿ ತೆಗೆದೆ, ಆಗ ವೈ ಬಂತು. ಆದರೆ ಈಗ ಕಾರ್ಡಿನ ಟೆಂಪರೇಚರ್ ಕಾಣುತ್ತಿಲ್ಲ. ಟೆಂಪರೇಚರ್ ತರಹದ ಅಳತೆ ತೋರಿಸುವ ಎಚ್‌ಡಬ್ಲ್ಯೂಮಾನ್ ಎಂ ಆಗಿ ಇದ್ದೇ ಇದೆ. ಒಂದೇ ಡ್ರೈವರ್ ಒಂದು ಕಡೆ ಅಡ್ಡ ಹಾಕುತ್ತದೆ, ಇನ್ನೊಂದು ಕಡೆ ಹೇಳದೆ ಕೇಳದೆ ಬಿಟ್ಟುಬಿಡುತ್ತದೆ. ಯಾವುದು ಸರಿ?
– ಒಬ್ಬ ಓದುಗ, ಹುಬ್ಬಳ್ಳಿ

ಉತ್ತರ: ಮೊದಲು ನಿಮ್ಮ ಕೆಲಸ ಮುಗಿಸೋಣ. ಪಿಟಿಪಿ, ಎಚ್‌ಡಬ್ಲ್ಯೂಮಾನ್ ಎರಡನ್ನೂ ವೈ ಮಾಡಿ, ಆಮೇಲೆ ಐಜಿಬಿಯನ್ನು ವೈ ಮಾಡಿ, ಅದರ ಕೆಳಗೆ ಕಾಣುವ ಎಚ್‌ಡಬ್ಲ್ಯೂಮಾನ್ ಆಯ್ಕೆಯನ್ನೂ ಆನ್ ಮಾಡಿ. ಬೂಟೂ ಆಗುತ್ತದೆ, ಟೆಂಪರೇಚರೂ ಸಿಗುತ್ತದೆ.

ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ. ಐಜಿಬಿಗೆ ಪಿಟಿಪಿ ಬೇಕೇ ಬೇಕು ಅಂತೇನಿಲ್ಲ. ನೆಟ್‌ವರ್ಕ್‌ನಲ್ಲಿರುವ ಮಷಿನ್‌ಗಳ ಗಡಿಯಾರ ತುಂಬಾ ನಿಖರವಾಗಿ ಹೊಂದಿಸುವ ಸೌಲಭ್ಯ ಅದು. ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕಾರ್ಡ್ ಓಡುತ್ತದೆ. ಪಿಟಿಪಿ ಇಲ್ಲದಿದ್ದಾಗ ಹೆಡರ್ ಫೈಲಿನಲ್ಲಿ ಅದರ ಫಂಕ್ಷನ್‌ಗಳ ಖಾಲಿ ರೂಪ ಇರುತ್ತದೆ, ಡ್ರೈವರ್ ಅದನ್ನು ಕರೆದು ಏನೂ ಸಿಗಲಿಲ್ಲ ಅಂದುಕೊಂಡು ಮುಂದೆ ಹೋಗುತ್ತದೆ. ತೊಂದರೆ ಬರುವುದು ಡ್ರೈವರ್ ವೈ, ಪಿಟಿಪಿ ಎಂ ಆದಾಗ ಮಾತ್ರ. ವೈ ಅಂದರೆ ಕರ್ನಲ್ ಇಮೇಜ್ ಒಳಗೇ ಲಿಂಕ್ ಆಗುವ ಕೋಡ್. ಎಂ ಅಂದರೆ ಬೂಟ್ ಆದಮೇಲೆ ಲೋಡ್ ಆಗುವ ಬೇರೆ ಫೈಲ್. ಒಳಗಿನ ಕೋಡ್ ಆ ಹೊರಗಿನ ಫೈಲಿನ ಫಂಕ್ಷನ್ ಕರೆದರೆ ಲಿಂಕ್ ಮಾಡುವ ಹೊತ್ತಿಗೆ ಅದಕ್ಕೆ ವಿಳಾಸವೇ ಇರುವುದಿಲ್ಲ. ಅರ್ಧ ಗಂಟೆ ಕಂಪೈಲ್ ಆಗಿ ಕೊನೆಯಲ್ಲಿ 'ಅನ್‌ಡಿಫೈನ್ಡ್ ರೆಫರೆನ್ಸ್' ಅಂತ ನಿಲ್ಲುವುದು ಇದಕ್ಕೇ.

ಇದನ್ನು ತಪ್ಪಿಸಲು ಕೆಕಾನ್ಫಿಗ್‌ನಲ್ಲಿ (ಆ ಮೆನುವಿನ ಆಯ್ಕೆ, ನಿಯಮಗಳನ್ನು ಬರೆದಿಡುವ ಫೈಲಿನಲ್ಲಿ) ಒಂದು ಸಾಲು ಬರೆಯುತ್ತಾರೆ: 'ಡಿಪೆಂಡ್ಸ್ ಆನ್ ಪಿಟಿಪಿ ಅಥವಾ ಪಿಟಿಪಿ ಅಲ್ಲ'. ಮೊದಲ ಸಲ ನೋಡಿದವರು ಇದೇನು, ಇದ್ದರೂ ಸರಿ ಇಲ್ಲದಿದ್ದರೂ ಸರಿ ಅಂದಮೇಲೆ ಬರೆಯುವುದೇಕೆ ಅಂದುಕೊಳ್ಳುತ್ತಾರೆ. ಆದರೆ ಇಲ್ಲಿ ಹೌದು, ಇಲ್ಲ ಎಂಬ ಎರಡೇ ಬೆಲೆಗಳಲ್ಲ, ಮೂರಿವೆ. ಎನ್ (ಬೇಡ) ಅಂದರೆ 0, ಎಂ ಅಂದರೆ 1, ವೈ ಅಂದರೆ 2. 'ಅಲ್ಲ' ಅಂದರೆ 2ರಿಂದ ಕಳೆಯುವುದು, 'ಅಥವಾ' ಅಂದರೆ ಎರಡರಲ್ಲಿ ದೊಡ್ಡದು. ಪಿಟಿಪಿ ವೈ ಆದರೆ 2 ಮತ್ತು 0, ದೊಡ್ಡದು 2. ಎನ್ ಆದರೆ 0 ಮತ್ತು 2, ಆಗಲೂ 2. ಎಂ ಆದರೆ? 1, ಮತ್ತೆ 2ರಲ್ಲಿ 1 ಕಳೆದರೆ 1. ದೊಡ್ಡದು 1. ಡ್ರೈವರ್ ಅದಕ್ಕಿಂತ ಮೇಲೆ ಹೋಗುವ ಹಾಗಿಲ್ಲ, ಹಾಗಾಗಿ ಎಂ. ಕೆಡುವ ಆ ಒಂದು ಜೋಡಿಯನ್ನು ಮಾತ್ರ ಈ ಸಾಲು ತಡೆಯುತ್ತದೆ, ಉಳಿದಿದ್ದೆಲ್ಲ ನಿಮ್ಮ ಇಷ್ಟ. ನನಗೆ ಇದು ತುಂಬಾ ಇಷ್ಟವಾದ ಸಾಲು.

ಪಿಟಿಪಿಗೆ ಈ ಸಾಲು ಸುಮ್ನೆ ಬಂದಿದ್ದಲ್ಲ. 2016ರ ಕೊನೆಗೆ, ಚಿಕ್ಕ ಸಾಧನಗಳಿಗೆ ಚಿಕ್ಕ ಕರ್ನಲ್ ಬೇಕು, ಅಲ್ಲಿ ಪಿಟಿಪಿಯನ್ನು ಬಿಡಲು ಆಗಬೇಕು ಅಂತ ಕರ್ನಲ್ ಡೆವಲಪರ್ ನಿಕೊಲಾ ಪಿಟ್ರೆ ಕೆಕಾನ್ಫಿಗ್‌ಗೆ 'ಇಂಪ್ಲೈ' ಎಂಬ ಪದ ತಂದರು. ಅದು ಒಂದು ವಿನಂತಿ ಇದ್ದ ಹಾಗೆ: ಸಾಧ್ಯವಾದರೆ ಪಿಟಿಪಿಯನ್ನೂ ಆನ್ ಮಾಡು, ಬೇಡ ಅಂದರೆ ಬಿಡು. 2020ರಲ್ಲಿ ಅದರ ನಿಯಮ ಇನ್ನಷ್ಟು ಸಡಿಲವಾಯಿತು, ವೈ ಡ್ರೈವರ್ ಕೇಳಿಕೊಂಡಿದ್ದು ಎಂ ಆಗಿಯೂ ಇರಬಹುದಾಯಿತು. ಅಲ್ಲಿಗೆ ಅದೇ ಕೆಟ್ಟ ಜೋಡಿಗೆ ಮತ್ತೆ ದಾರಿಯಾಯಿತು. 2021ರಲ್ಲಿ ಇನ್ನೊಬ್ಬ ಡೆವಲಪರ್ ಆರ್ನ್ಡ್ ಬರ್ಗ್‌ಮನ್ ಪಿಟಿಪಿ_1588_ಕ್ಲಾಕ್_ಆಪ್ಷನಲ್ ಎಂಬ ಬೇರೆಯೇ ಒಂದು ಹೆಸರು ಮಾಡಿ, ಆ ಲೆಕ್ಕವನ್ನು ಅದರಲ್ಲಿಟ್ಟು, ಈಥರ್‌ನೆಟ್ ಡ್ರೈವರ್‌ಗಳನ್ನು ಅದಕ್ಕೆ ಕಟ್ಟಿದರು. ನಿಮ್ಮ ಐಜಿಬಿಯೂ ಅದರಲ್ಲಿ ಒಂದು.

ಟೆಂಪರೇಚರ್ ಕಡೆಯ ಸಾಲು ಬೇರೆ. ಅಲ್ಲಿ ಡ್ರೈವರ್‌ಗೆ ತಡೆ ಇಲ್ಲ. ಐಜಿಬಿ ವೈ, ಎಚ್‌ಡಬ್ಲ್ಯೂಮಾನ್ ಎಂ ಆದರೆ ಆ ಚಿಕ್ಕ ಸೌಲಭ್ಯದ ಆಯ್ಕೆಯೇ ಮೆನುವಿನಿಂದ ಮಾಯವಾಗುತ್ತದೆ.

ಯಾವುದು ಸರಿ ಅಂದರೆ, ನನ್ನ ಮತ ಪಿಟಿಪಿ ಕಡೆಗೆ. ನೀವು ವೈ ಒತ್ತಿದಾಗ ಒಂದು ಪುಟ್ಟ ಡಬ್ಬಿ ಬಂದಿರಬೇಕು ಅಲ್ವಾ, ಇದು ಅವಲಂಬಿಸಿರುವ ಇನ್ನೊಂದು ಸೌಲಭ್ಯ ಮಾಡ್ಯೂಲ್ ಆಗಿದೆ, ಹಾಗಾಗಿ ಇದೂ ಮಾಡ್ಯೂಲ್ ಆಗುತ್ತದೆ ಅಂತ? ಅದು ಕಿರಿಕಿರಿ ಅನಿಸಬಹುದು. ಆದರೆ ವಿಷಯ ನಿಮಗೆ ಆಗಲೇ ಗೊತ್ತಾಯಿತು. ಟೆಂಪರೇಚರ್ ಹೋಗಿದ್ದು ಗೊತ್ತಾಗಿದ್ದು ಮಷಿನ್ ಓಡಿದ ಮೇಲೆ. ಕಾಣದ ಆಯ್ಕೆಯನ್ನು ಯಾರು ತಾನೇ ಹುಡುಕುತ್ತಾರೆ? ಆದರೂ ಇಲ್ಲಿ ಕಾರಣ ಕೆಕಾನ್ಫಿಗ್‌ನಲ್ಲೇ ಬರೆದಿದೆ. ಮೆನುಕಾನ್ಫಿಗ್‌ನಲ್ಲಿ ಓರೆಗೆರೆ ಒತ್ತಿ ಐಜಿಬಿ ಅಂತ ಹುಡುಕಿ, ಯಾವುದಕ್ಕೆ ಯಾವ ಬೆಲೆ ಇದೆ ಅಂತ ಪಕ್ಕದಲ್ಲೇ ತೋರಿಸುತ್ತದೆ. ಇದಕ್ಕಿಂತ ಕೆಟ್ಟದ್ದು ಸಿ ಕೋಡ್ ಒಳಗೆ 'ಈಸ್_ರೀಚಬಲ್' (ಆ ಸೌಲಭ್ಯ ಇಲ್ಲಿಂದ ಕರೆಯಲು ಸಿಗುತ್ತದೆಯೇ ಎಂಬ ಪರೀಕ್ಷೆ) ಅಂತ ಬರೆದು ಸುಮ್ಮನಾಗುವುದು. ಬಿಲ್ಡ್ ಚೆನ್ನಾಗಿ ಆಗುತ್ತದೆ, ಕಾನ್ಫಿಗ್‌ನಲ್ಲಿ ಎರಡೂ ಆನ್ ಅಂತಲೇ ಇರುತ್ತದೆ, ಕೆಲಸ ಮಾತ್ರ ಆಗುವುದಿಲ್ಲ. ಒಂದು ಬೋರ್ಡ್‌ನಲ್ಲಿ ಹೀಗೆ ನಾನು ಎರಡು ದಿನ ವೈರ್‌ಗಳನ್ನೇ ಬದಲಿಸುತ್ತಾ ಕೂತಿದ್ದೆ. ಕರ್ನಲ್‌ನ ಸ್ವಂತ ಡಾಕ್ಯುಮೆಂಟೇಶನ್ ಕೂಡ ಇದನ್ನು ಆದಷ್ಟು ಬಳಸಬೇಡಿ ಅನ್ನುತ್ತದೆ, ಬಳಕೆದಾರರಿಗೆ ತಿಳಿಯದೆ ಕೋಡ್ ಬಿಟ್ಟುಹೋಗುತ್ತದೆ ಅಂತ.

ಪ್ರಶ್ನೆ: ನಾನೇ ಒಂದು ಡ್ರೈವರ್ ಬರೆಯುತ್ತಿದ್ದೇನೆ. ಇಷ್ಟೆಲ್ಲ ಯಾಕೆ, ಕೆಕಾನ್ಫಿಗ್‌ನಲ್ಲಿ 'ಸೆಲೆಕ್ಟ್' ಅಂತ ಹಾಕಿದರೆ ಆಗಲ್ವಾ?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು

ಉತ್ತರ: ಬೇಡಮ್ಮ. ಸೆಲೆಕ್ಟ್ ಅಂದರೆ ಬಲವಂತ. ನೀವು ಎಳೆದು ತಂದದ್ದಕ್ಕೆ ಇನ್ನೇನು ಬೇಕು ಅಂತ ಅದು ನೋಡುವುದೇ ಇಲ್ಲ. ಆಮೇಲೆ 'ಅನ್‌ಮೆಟ್ ಡೈರೆಕ್ಟ್ ಡಿಪೆಂಡೆನ್ಸೀಸ್' ಅಂತ ಎಚ್ಚರಿಕೆ ಬರುತ್ತದೆ, ಒಮ್ಮೊಮ್ಮೆ ಬಿಲ್ಡೇ ಒಡೆಯುತ್ತದೆ. ಸಿಆರ್‌ಸಿ32 (ಡೇಟಾ ಕೆಟ್ಟಿದೆಯೇ ಅಂತ ನೋಡುವ ಲೆಕ್ಕ) ತರಹದ, ತನಗೆ ಯಾವ 'ಡಿಪೆಂಡ್ಸ್ ಆನ್' ಸಾಲೂ ಇಲ್ಲದ ಲೈಬ್ರರಿ ಕೋಡಿಗೆ ಸೆಲೆಕ್ಟ್ ಸರಿ. ಇದ್ದರೆ ಒಳ್ಳೆಯದು ಅನ್ನುವಂಥದ್ದಕ್ಕೆ ಮೇಲೆ ಹೇಳಿದ ಸಾಲನ್ನೇ ಬರೆಯಿರಿ. ಬರೆದ ಮೇಲೆ ಡ್ರೈವರನ್ನು ವೈ ಮಾಡಿ, ಆ ಇನ್ನೊಂದನ್ನು ವೈ, ಎಂ, ಎನ್ ಮೂರೂ ಮಾಡಿ ಬಿಲ್ಡ್ ಮಾಡಿ ನೋಡಿ. ಎಂ ಇಟ್ಟಾಗ ನಿಮ್ಮ ಡ್ರೈವರೂ ಎಂ ಆಗಿ ಇಳಿಯಬೇಕು. ಇಳಿಯದಿದ್ದರೆ ಸಾಲಿನಲ್ಲಿ ಎಲ್ಲೋ ತಪ್ಪಿದೆ.