ಉಪ್ಪಳ ದಾಟಿದ ಮೇಲೆ ಬಿಸಿಯಾಗುವ ಎ.ಸಿ.

ವಾಹನ ಸಮಸ್ಯೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು 2007ರ ಸಣ್ಣ ಪೆಟ್ರೋಲ್ ಕಾರು. ಯಜಮಾನರಿಗೆ ಉಬ್ಬಸ ಇರುವುದರಿಂದ ತಿಂಗಳಿಗೆ ಎರಡು ಸಲ ನಾನೇ ಕಾರು ಓಡಿಸಿಕೊಂಡು ಅವರನ್ನು ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಬದಿಯಡ್ಕದಿಂದ ಕುಂಬಳೆಯವರೆಗೆ ಎ.ಸಿ. ಚೆನ್ನಾಗಿಯೇ ತಂಪು ಕೊಡುತ್ತದೆ. ಹೆದ್ದಾರಿ ಹಿಡಿದು ಉಪ್ಪಳ ದಾಟುವಷ್ಟರಲ್ಲಿ ಬಿಸಿ ಗಾಳಿ ಬರಲು ಶುರುವಾಗುತ್ತದೆ. ಗಾಳಿಯ ರಭಸ ಕಡಿಮೆಯಾಗುವುದಿಲ್ಲ, ತಂಪು ಮಾತ್ರ ಇಲ್ಲ. ತಲಪಾಡಿ ಟೋಲ್ ದಾಟಿ ವೇಗವಾಗಿ ಹೋದರೂ ಸರಿಯಾಗುವುದಿಲ್ಲ. ಕಿಟಕಿ ಇಳಿಸಿದರೆ ಧೂಳು, ಅವರಿಗೆ ಕೆಮ್ಮು. ಆಸ್ಪತ್ರೆಯಲ್ಲಿ ಎರಡು ಗಂಟೆ ನಿಲ್ಲಿಸಿ ಹೊರಟರೆ ಮತ್ತೆ ತಂಪು. ಗ್ಯಾರೇಜಿಗೆ ಒಯ್ದಾಗ ಒಮ್ಮೆಯೂ ಈ ದೋಷ ಕಾಣಿಸಿಕೊಂಡಿಲ್ಲ. ಈ ವರ್ಷ ಎರಡು ಸಲ ಗ್ಯಾಸ್ ತುಂಬಿಸಿದ್ದಾಯಿತು. ಬಿಲ್ಲು ಮಲಯಾಳದಲ್ಲಿದೆ, ನನಗೆ ಓದಲು ಬರುವುದಿಲ್ಲ; ಅದರ ಚಿತ್ರ ಕಳುಹಿಸಿದ್ದೇನೆ. ಕಾರನ್ನು ಮಾರಿಬಿಡಿ ಎಂದು ಮಗ ಹೇಳುತ್ತಾನೆ. ಏನು ಮಾಡಲಿ?
– ನಿವೃತ್ತ ಅಧ್ಯಾಪಿಕೆ, ಬದಿಯಡ್ಕ

ಉತ್ತರ: ಟೀಚರೇ, ಕಾರು ಮಾರಬೇಡಿ. ಮೂರನೆಯ ಸಲ ಗ್ಯಾಸನ್ನೂ ತುಂಬಿಸಬೇಡಿ.

ಶಾರ್ಜಾದಲ್ಲಿ ಒಂಬತ್ತು ವರ್ಷ, ಆಮೇಲೆ ಕಾಸರಗೋಡಿನಲ್ಲಿ ಇಪ್ಪತ್ತೆರಡು ವರ್ಷ ನಾನು ವಾಹನಗಳ ಎ.ಸಿ. ಕೆಲಸವನ್ನೇ ಮಾಡಿದ್ದೇನೆ. ಆ ಅನುಭವದಿಂದ ಹೇಳುತ್ತೇನೆ: ಸೋರಿಹೋದ ಗ್ಯಾಸ್ ಎರಡು ಗಂಟೆ ಆಸ್ಪತ್ರೆಯ ಅಂಗಳದಲ್ಲಿ ಕಾರು ನಿಲ್ಲಿಸಿದ ಮಾತ್ರಕ್ಕೆ ತಿರುಗಿ ಬರುವುದಿಲ್ಲ. ಗ್ಯಾಸ್ ಕಡಿಮೆಯಾದ ಕಾರಿನ ಲಕ್ಷಣವೇ ಬೇರೆ. ಅದರಲ್ಲಿ ಹೊರಟಾಗಿನಿಂದಲೇ ತಂಪು ಅರೆಬರೆ. ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಕೆಲವೇ ಸೆಕೆಂಡುಗಳಿಗೊಮ್ಮೆ ‘ಟಕ್ ಟಕ್’ ಎಂದು ಹಿಡಿದು ಬಿಡುತ್ತಿರುತ್ತದೆ. ನಿಮ್ಮದು ಮುಕ್ಕಾಲು ಗಂಟೆ ಸರಿಯಾಗಿ ನಡೆದು, ಬಿಸಿಯಾದ ಮೇಲೆ ನಿಂತು, ತಣಿದ ಮೇಲೆ ಮತ್ತೆ ಏಳುವ ದೋಷ. ಕೊಳವೆಗಿಂತ ಮೊದಲು ಅನುಮಾನಿಸಬೇಕಾದದ್ದು ವಿದ್ಯುತ್ತನ್ನು.

ಬಿಲ್ಲುಗಳನ್ನು ಓದಿದೆ. ಎರಡರಲ್ಲೂ ಇರುವುದು ಎರಡೇ ಸಾಲು: ಗ್ಯಾಸ್ ತುಂಬಿಸಿದ್ದು, ಕೂಲಿ. ಎಷ್ಟು ಗ್ರಾಂ ತುಂಬಿಸಿದರು ಎಂದಿಲ್ಲ, ಸೋರಿಕೆ ನೋಡಿದ್ದು ಇಲ್ಲ, ವ್ಯಾಕ್ಯೂಮ್ ಮಾಡಿದ್ದು (ಕೊಳವೆಯೊಳಗಿನ ಗಾಳಿ, ತೇವವನ್ನು ಪಂಪಿನಿಂದ ಎಳೆದು ತೆಗೆಯುವುದು) ಇಲ್ಲ. ಇದು ನನಗೆ ಬಹಳ ಬೇಸರ ತಂದಿತು. ಎಷ್ಟು ಗ್ಯಾಸ್ ಹಿಡಿಯುತ್ತದೆ ಎಂಬುದು ಬಾನೆಟಿನ ಅಡಿಯಲ್ಲಿರುವ ಸ್ಟಿಕ್ಕರಿನಲ್ಲೇ ಇರುತ್ತದೆ; ಸಣ್ಣ ಕಾರುಗಳಲ್ಲಿ ಅದು ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು. ತೂಕ ನೋಡದೆ ಎರಡು ಸಲ ಸೇರಿಸಿದ್ದಾರೆಂದರೆ ಈಗ ಹೆಚ್ಚೇ ಆಗಿರಬಹುದು. ಹೆಚ್ಚಾದರೆ ಒತ್ತಡ ಏರುತ್ತದೆ, ಏರಿದ ಒತ್ತಡಕ್ಕೆ ಪ್ರೆಶರ್ ಸ್ವಿಚ್ ಕಂಪ್ರೆಸರನ್ನು ನಿಲ್ಲಿಸುತ್ತದೆ. ಹೀಗೆ ಮದ್ದೇ ಇನ್ನೊಂದು ಕಾಯಿಲೆಯನ್ನು ತಂದಿಡುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಉಪಯೋಗಕ್ಕೆ ಬಂದದ್ದು ಎರಡು ಮಾತು. ಗಾಳಿಯ ರಭಸ ಇಳಿಯುವುದಿಲ್ಲ ಎಂದಿರಿ. ಡ್ಯಾಶ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟಿದ್ದರೆ ಗಾಳಿಯ ದಾರಿಯೇ ಮುಚ್ಚಿ, ಬ್ಲೋವರ್ ಎಷ್ಟು ಕೂಗಿದರೂ ಮುಖಕ್ಕೆ ಗಾಳಿ ಬರುತ್ತಿರಲಿಲ್ಲ. ಹಾಗಾಗಿ ಅದನ್ನು ಬಿಟ್ಟುಬಿಡೋಣ. ಎರಡನೆಯದು, ತಲಪಾಡಿ ದಾಟಿ ವೇಗ ಹಿಡಿದರೂ ಸರಿಯಾಗುವುದಿಲ್ಲ ಎಂದದ್ದು. ಮುಂದಿನ ಫ್ಯಾನ್ ಸೋತಿದ್ದರೆ, ಉಪ್ಪಳದ ವಾಹನ ದಟ್ಟಣೆಯಲ್ಲಿ ನಿಂತ ಎ.ಸಿ. ತೆರೆದ ರಸ್ತೆಯಲ್ಲಿ ಎದುರು ಗಾಳಿ ಬಡಿದಾಗ ತಾನಾಗಿ ಚೇತರಿಸಿಕೊಳ್ಳಬೇಕಿತ್ತು. ಹಾಗೆ ಆಗುತ್ತಿಲ್ಲ. ನನ್ನ ಅನುಮಾನ ಇರುವುದು ಕಂಪ್ರೆಸರಿನ ಕ್ಲಚ್ಚಿನ ಮೇಲೆ.

ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕಂಪ್ರೆಸರಿನ ಮುಂದೆ ಬೆಲ್ಟ್ ಸುತ್ತಿದ ಪುಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ತಿರುಗುತ್ತಿರುತ್ತದೆ. ಅದರ ಮುಂದೆ ತಟ್ಟೆಯ ಹಾಗೆ ಒಂದು ಪ್ಲೇಟು ಇದೆ. ಎ.ಸಿ. ಒತ್ತಿದಾಗ ಒಳಗಿನ ತಾಮ್ರದ ತಂತಿಯ ಕಾಯಿಲ್ ಅಯಸ್ಕಾಂತವಾಗಿ ಆ ಪ್ಲೇಟನ್ನು ಪುಲ್ಲಿಗೆ ಎಳೆದು ಹಿಡಿಯುತ್ತದೆ. ಆಗ ಕೇಳುವುದೇ ಆ ‘ಟಕ್’. ಪ್ಲೇಟಿಗೂ ಪುಲ್ಲಿಗೂ ನಡುವೆ ಇರಬೇಕಾದ ಎಡೆ ಸಾಮಾನ್ಯವಾಗಿ 0.3ರಿಂದ 0.6 ಮಿಲಿಮೀಟರ್, ಅಂದರೆ ಪೋಸ್ಟ್ ಕಾರ್ಡ್ ಒಂದೆರಡು ತೂರುವಷ್ಟು. ವರ್ಷಗಟ್ಟಲೆ ಉಜ್ಜಿ ಉಜ್ಜಿ ಈ ಎಡೆ ದೊಡ್ಡದಾಗುತ್ತದೆ. ಬೆಳಗ್ಗಿನ ತಂಪಿನಲ್ಲಿ ಕಾಯಿಲಿಗೆ ಬಲವಿರುತ್ತದೆ, ಹೇಗೋ ಎಳೆದುಕೊಳ್ಳುತ್ತದೆ. ತಾಮ್ರದ ತಂತಿ 25 ಡಿಗ್ರಿಯಿಂದ 100 ಡಿಗ್ರಿಗೆ ಕಾದರೆ ಅದರ ಪ್ರತಿರೋಧ ಸುಮಾರು ಶೇ. 30ರಷ್ಟು ಏರುತ್ತದೆ, ಅಷ್ಟರಮಟ್ಟಿಗೆ ವಿದ್ಯುತ್ ಹರಿಯುವುದು ಕಡಿಮೆಯಾಗಿ ಎಳೆತವೂ ಕುಗ್ಗುತ್ತದೆ. ಹಾಗಿದ್ದೂ ಒಮ್ಮೆ ಹಿಡಿದ ಪ್ಲೇಟನ್ನು ಅದು ಬಿಡುವುದಿಲ್ಲ. ಕಾರಿನೊಳಗೆ ಸಾಕಷ್ಟು ತಂಪಾದಾಗ ಥರ್ಮೋಸ್ಟಾಟ್ ಒಮ್ಮೆ ಬಿಡಿಸುತ್ತದಲ್ಲ, ಆಮೇಲೆ ಮತ್ತೆ ಹಿಡಿಯಲು ಅದಕ್ಕೆ ತ್ರಾಣ ಇರುವುದಿಲ್ಲ. ನಿಮ್ಮ ಕಾರಿನಲ್ಲಿ ಉಪ್ಪಳದ ಹತ್ತಿರ ಇದೇ ನಡೆಯುತ್ತಿದೆ ಎಂದು ನನಗನಿಸುತ್ತದೆ.

ಖಚಿತ ಮಾಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ, ಏಕೆಂದರೆ ದೋಷ ಕಾಣಿಸಿಕೊಳ್ಳುವ ಹೊತ್ತಿಗೆ ಕಾರಿನಲ್ಲಿರುವುದು ನೀವು. ಮುಂದಿನ ಸಲ ಗಾಳಿ ಬಿಸಿಯಾದ ಕೂಡಲೇ ಕಾರನ್ನು ರಸ್ತೆಯಿಂದ ದೂರಕ್ಕೆ, ಪೆಟ್ರೋಲ್ ಪಂಪಿನ ಹೊರಗಿನ ಜಾಗದಂಥ ಕಡೆ ನಿಲ್ಲಿಸಿ. ಎಂಜಿನ್ ಮತ್ತು ಎ.ಸಿ. ಆನ್ ಇರಲಿ. ಬಾನೆಟ್ ಎತ್ತಿ, ದೂರದಿಂದಲೇ ಟಾರ್ಚ್ ಬಿಟ್ಟು ಆ ಪ್ಲೇಟನ್ನು ನೋಡಿ. ಸೀರೆಯ ಸೆರಗು ಸಿಕ್ಕಿಸಿಕೊಂಡಿರಲಿ. ಯಜಮಾನರು ಬಂದರೆ ಅವರ ಶಾಲು ಕಾರಿನೊಳಗೇ ಇರಲಿ. ಬೆಲ್ಟಿಗೆ ಬಟ್ಟೆ ಸಿಕ್ಕರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ತೆಗೆಯಿರಿ. ಪುಲ್ಲಿ ತಿರುಗುತ್ತಾ ಪ್ಲೇಟು ಮಾತ್ರ ಅಲ್ಲಾಡದೆ ನಿಂತಿದ್ದರೆ ಕ್ಲಚ್ ಹಿಡಿದಿಲ್ಲ. ಪ್ಲೇಟೂ ತಿರುಗುತ್ತಿದ್ದು ಗಾಳಿ ಬಿಸಿಯೇ ಆಗಿದ್ದರೆ ನನ್ನ ಊಹೆ ತಪ್ಪು. ಆಗ ಗ್ಯಾಸಿನೊಳಗೆ ನೀರಿನ ಪಸೆ ಸೇರಿ, ಕೂಲಿಂಗ್ ಕಾಯಿಲಿಗೆ ಗ್ಯಾಸ್ ಬಿಡುವ ಎಕ್ಸ್‌ಪ್ಯಾನ್ಶನ್ ವಾಲ್ವಿನ ಸಣ್ಣ ತೂತಿನಲ್ಲಿ ಹೆಪ್ಪುಗಟ್ಟುತ್ತಿರಬಹುದು. ಅದಕ್ಕೆ ಗ್ಯಾಸ್ ಪೂರ್ತಿ ತೆಗೆಸಿ, ತೇವ ಹೀರುವ ಡ್ರೈಯರ್ ಬದಲಿಸಿ, ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು ಹೊಸದಾಗಿ ತೂಕ ಮಾಡಿ ತುಂಬಬೇಕು. ನಮ್ಮ ಕರಾವಳಿಯ ಮಳೆಗಾಲದಲ್ಲಿ ವ್ಯಾಕ್ಯೂಮ್ ಮಾಡದೆ ಕೊಳವೆ ಮುಚ್ಚುವುದು ಎಂದರೆ ತೇವವನ್ನು ಒಳಗೆ ಕೂಡಿಹಾಕಿದಂತೆಯೇ.

ಆ ವಿಡಿಯೊವನ್ನು ಆಟೋ ಎಲೆಕ್ಟ್ರಿಷಿಯನ್ ಒಬ್ಬರಿಗೆ ತೋರಿಸಿ. ದೋಷ ಇರುವ ಹೊತ್ತಿನಲ್ಲೇ ಕ್ಲಚ್ಚಿನ ತಂತಿಗೆ ಟೆಸ್ಟ್ ಲ್ಯಾಂಪ್ ಹಿಡಿಯಬೇಕು, ಅದೊಂದು ಬಹಳ ಮುಖ್ಯ. ಲ್ಯಾಂಪ್ ಉರಿಯದಿದ್ದರೆ ಕ್ಲಚ್ಚಿಗೆ ಕರೆಂಟು ಹಾಯಿಸುವ ರಿಲೇ, ಪ್ರೆಶರ್ ಸ್ವಿಚ್, ಥರ್ಮೋಸ್ಟಾಟ್ ಕಡೆಗೆ ಹುಡುಕಬೇಕು. ಉರಿದರೆ ಕರೆಂಟು ಬರುತ್ತಿದೆ, ಕ್ಲಚ್ ಹಿಡಿಯುತ್ತಿಲ್ಲ ಎಂದರ್ಥ. ಎಡೆ ಹೆಚ್ಚಾಗಿದ್ದರೆ ಪ್ಲೇಟು ಬಿಚ್ಚಿ ಅದರ ಹಿಂದಿರುವ ತೆಳುವಾದ ವಾಷರುಗಳಲ್ಲಿ ಒಂದನ್ನು ತೆಗೆದರೆ ಹಲವು ಕಾರುಗಳಲ್ಲಿ ಅಷ್ಟೇ ಸಾಕಾಗುತ್ತದೆ. ಉಗುರಿಗಿಂತ ತೆಳ್ಳಗಿನ ವಾಷರ್ ಅದು.

ಟೆಸ್ಟ್ ಲ್ಯಾಂಪಿನ ವಿಷಯದಲ್ಲಿ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮುಳ್ಳೇರಿಯದ ಅಡಿಕೆ ಕೃಷಿಕರೊಬ್ಬರು ಇದೇ ಬಗೆಯ ದೋಷ ಹೇಳಿಕೊಂಡು ನನ್ನಲ್ಲಿಗೆ ಬಂದಿದ್ದರು. ಪರೀಕ್ಷೆ ಪೂರ್ತಿ ಮಾಡದೆ ಕಂಪ್ರೆಸರ್ ಬದಲಿಸಿದೆ. ವಾರದೊಳಗೆ ಅವರು ಮತ್ತೆ ಬಂದರು, ಒಂದು ಗಡಸು ಮಾತನ್ನೂ ಆಡಲಿಲ್ಲ, ‘ಒಮ್ಮೆ ಜೊತೆಯಲ್ಲಿ ಬನ್ನಿ’ ಎಂದರು ಅಷ್ಟೇ. ಚೆರ್ಕಳ ದಾಟಿ ಸ್ವಲ್ಪ ದೂರ ಹೋದಾಗ ತಂಪು ನಿಂತಿತು. ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿ ಲ್ಯಾಂಪ್ ಹಿಡಿದರೆ ಅದು ಚೆನ್ನಾಗಿ ಉರಿಯುತ್ತಿದೆ, ಪ್ಲೇಟು ನಿಂತಿದೆ. ಕಾಯಿಲಿನ ಇನ್ನೊಂದು ತುದಿಯ ಅರ್ತ್ ತಂತಿಯನ್ನು ಬೆರಳಿನಿಂದ ಸರಿಸಿ ನೋಡಿದೆ. ಬೋಲ್ಟಿನ ಕೆಳಗಿನ ಬಳೆಯ ತುಂಬ ಹಸಿರು ಕಿಲುಬು ಹಿಡಿದಿತ್ತು. ಮರಳು ಕಾಗದದಿಂದ ಬೆಳ್ಳಗಾಗುವವರೆಗೆ ಉಜ್ಜಿ ಬಿಗಿದೆ. ‘ಟಕ್’ ಎಂದಿತು. ಅವರ ಹಳೆಯ ಕಂಪ್ರೆಸರ್ ನನ್ನ ವರ್ಕ್‌ಶಾಪಿನ ಮೂಲೆಯಲ್ಲಿತ್ತು, ಅದು ಕೆಟ್ಟಿರಲೇ ಇಲ್ಲ. ಹಣವನ್ನು ಎರಡು ಕಂತಿನಲ್ಲಿ ಹಿಂದಿರುಗಿಸಿದೆ. ಅಂದಿನಿಂದ ದೋಷವನ್ನು ಕಣ್ಣಾರೆ ನೋಡದೆ ಯಾವ ಭಾಗವನ್ನೂ ಬದಲಿಸಿದವನಲ್ಲ. ನಿಮ್ಮ ಕಾರಿನ ಅರ್ತ್ ತಂತಿಗಳನ್ನೂ ಮರೆಯದೆ ನೋಡಲಿ. ಉಪ್ಪುಗಾಳಿಗೆ ಹದಿನೈದು ವರ್ಷ ಮೀರಿದ ತಂತಿ ಒಳಗೊಳಗೇ ಸವೆದಿರುತ್ತದೆ. ಕಾರು ನಿಲ್ಲುವ ಶೆಡ್ಡಿನಲ್ಲಿ ಅಡಿಕೆ, ತೆಂಗಿನಕಾಯಿ ರಾಶಿ ಹಾಕಿದ್ದರೆ ಇಲಿ ಕಚ್ಚಿದ ಗುರುತೂ ಸಿಗಬಹುದು.

ಇನ್ನೊಂದು ಕೆಲಸ. ಗ್ಲೋವ್ ಬಾಕ್ಸಿನಲ್ಲಿ ಒಂದು ಪುಸ್ತಕ ಇಡಿ. ತಂಪು ಯಾವ ಊರಿನಲ್ಲಿ ಹೋಯಿತು, ಹೊರಟು ಎಷ್ಟು ನಿಮಿಷವಾಗಿತ್ತು, ಬಿಸಿಲಿತ್ತೇ, ನಿಂತಿದ್ದೀರೋ ಓಡುತ್ತಿದ್ದೀರೋ ಎಂದು ಬರೆದಿಡಿ. ನಾಲ್ಕು ಪ್ರಯಾಣದ ಟಿಪ್ಪಣಿ ಇದ್ದರೆ ಒಳ್ಳೆಯ ಮೆಕ್ಯಾನಿಕ್ ಅರ್ಧ ದಾರಿ ತಲುಪಿದಂತೆ. ಗ್ಯಾರೇಜಿಗೂ ಬೆಳಗ್ಗೆ ಹೋಗಬೇಡಿ, ಮಧ್ಯಾಹ್ನ ಎರಡರ ಬಿಸಿಲಿನಲ್ಲಿ, ಮಂಗಳೂರಿನಿಂದ ಬರುವಾಗ ದೋಷ ಕಾಣಿಸಿಕೊಂಡರೆ ಎಂಜಿನ್ ಆರಿಸದೆ ನೇರ ಹೋಗಿ. ಅಲ್ಲಿಯವರೆಗೆ ಯಜಮಾನರ ಪ್ರಯಾಣಕ್ಕೆ ಬೆಳಗಿನ ಆರು ಗಂಟೆಯ ಹೊತ್ತು ಒಳ್ಳೆಯದು. ಧೂಳಿರುವ ಕಡೆ ಕಿಟಕಿ ಏರಿಸಿ, ಗಾಳಿಯನ್ನು ಒಳಗೇ ತಿರುಗಿಸುವ ಗುಂಡಿ ಒತ್ತಿ, ಧೂಳು ದಾಟಿದ ಮೇಲೆ ಹೊರಗಿನ ಗಾಳಿಗೆ ಬದಲಿಸಿ.

ಪ್ರಶ್ನೆ: ಎ.ಸಿ. ಹಾಕಿದರೆ ಎಡಗಡೆ ಕುಳಿತವರ ಕಾಲಿನ ಮ್ಯಾಟ್ ಒದ್ದೆಯಾಗುತ್ತದೆ. ಗ್ಯಾಸ್ ಸೋರುತ್ತಿದೆಯೇ?
– ಓದುಗರು, ಮಂಜೇಶ್ವರ

ಉತ್ತರ: ಅದು ಬರೀ ನೀರು. ಗ್ಯಾಸ್ ಸೋರಿದರೆ ಹೀಗೆ ನೀರಾಗಿ ನಿಲ್ಲುವುದಿಲ್ಲ, ಗಾಳಿಯಲ್ಲಿ ಹೋಗಿಬಿಡುತ್ತದೆ. ಕೂಲಿಂಗ್ ಕಾಯಿಲಿನ ಮೇಲೆ ಗಾಳಿಯ ತೇವ ಹನಿಗಟ್ಟಿ, ಸಣ್ಣ ರಬ್ಬರ್ ಕೊಳವೆಯ ಮೂಲಕ ಕಾರಿನ ಅಡಿಗೆ ತೊಟ್ಟಿಕ್ಕಬೇಕು. ಆ ಕೊಳವೆಯಲ್ಲಿ ಕೆಂಪು ಮಣ್ಣು, ತರಗೆಲೆಯ ಚೂರು ಕಟ್ಟಿಕೊಂಡಿದೆ. ಕೆಳಗಿನಿಂದ ಮೆತ್ತಗಿನ ತಂತಿ ತೂರಿಸಿದರೆ ಒಂದು ಲೋಟದಷ್ಟು ನೀರು ಒಮ್ಮೆಲೇ ಸುರಿಯುತ್ತದೆ. ಮ್ಯಾಟಿನ ಅಡಿಯ ಕಾರ್ಪೆಟ್ಟನ್ನೂ ಎತ್ತಿ ಒಣಗಿಸಿ, ಇಲ್ಲದಿದ್ದರೆ ತಗಡು ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ನನ್ನಲ್ಲಿ 1995ರ ಕಾರಿದೆ. ಹಳೆಯ ಗ್ಯಾಸ್ ಈಗ ಸಿಗುವುದಿಲ್ಲ, ಅಡುಗೆ ಗ್ಯಾಸನ್ನೇ ತುಂಬಿಸಿದರೆ ಕಡಿಮೆ ಖರ್ಚಿನಲ್ಲಿ ಆಗುತ್ತದೆ ಎಂದು ಒಬ್ಬರು ಹೇಳಿದರು. ಮಾಡಿಸಲೇ?
– ಓದುಗರು, ಪೆರ್ಲ

ಉತ್ತರ: ದಯವಿಟ್ಟು ಮಾಡಿಸಬೇಡಿ. ಅಡುಗೆ ಗ್ಯಾಸಿನಿಂದ ತಂಪಾಗುವುದು ನಿಜ, ಆದರೆ ಗ್ಯಾಸ್ ಹರಿಯುವ ಕೂಲಿಂಗ್ ಕಾಯಿಲ್ ಇರುವುದು ನಿಮ್ಮ ಮೊಣಕಾಲಿನ ಎದುರಿಗೆ. ಸೋರಿದರೆ ಮುಚ್ಚಿದ ಕಾರಿನೊಳಗೆ ಒಂದು ಕಿಡಿ ಸಾಕು. ನಿಮ್ಮ ಕಾರಿನಲ್ಲಿದ್ದುದು ಆರ್-12. ಓಝೋನ್ ಪದರಕ್ಕೆ ಹಾನಿ ಮಾಡುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಅದರ ತಯಾರಿಕೆ ನಿಂತಿತು. ಅದನ್ನು ಆರ್-134ಎ ಗ್ಯಾಸಿಗೆ ಬದಲಿಸಬಹುದು. ಕಂಪ್ರೆಸರಿನ ಹಳೆಯ ಎಣ್ಣೆ ಹೊಸ ಗ್ಯಾಸಿನೊಂದಿಗೆ ಬೆರೆಯದ ಕಾರಣ ಅದನ್ನು ತೆಗೆದು ಎಸ್ಟರ್ ಎಣ್ಣೆ ಹಾಕಬೇಕು. ಡ್ರೈಯರ್, ರಬ್ಬರ್ ಬಳೆಗಳು ಹೊಸದಾಗಬೇಕು, ಗ್ಯಾಸ್ ತುಂಬುವ ಬಾಯಿಗಳಿಗೂ ಹೊಸ ಜೋಡಣೆ ಬೇಕು. ತಂಪು ಹಿಂದಿಗಿಂತ ತುಸು ಕಡಿಮೆಯಾಗುತ್ತದೆ. ಕಾರಿನ ಮುಂಭಾಗದಲ್ಲಿ ಗ್ಯಾಸಿನ ಬಿಸಿಯನ್ನು ಹೊರಹಾಕುವ ಕಂಡೆನ್ಸರನ್ನು ಚೆನ್ನಾಗಿ ತೊಳೆಸಿ, ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುವಂತೆ ನೋಡಿಕೊಂಡರೆ ಪೆರ್ಲದಿಂದ ವಿಟ್ಲದ ದಾರಿಯಲ್ಲಿ ಹೋಗಿಬರಲು ಅಷ್ಟು ಧಾರಾಳ ಸಾಕು.