ಊರು ಬಿಟ್ಟವರ ರತ್ನಗಂಬಳಿ

ಪ್ರಶ್ನೆ: 2023ರ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್‌ನ ನಾಗೋರ್ನೋ-ಕರಾಬಾಖ್ ಪ್ರದೇಶದಿಂದ ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು ಅರ್ಮೇನಿಯಾಕ್ಕೆ ಬಂದರಲ್ಲ, ಅಂಥವರು ತಂದ ಹಳೇ ರತ್ನಗಂಬಳಿ ಉಳಿಯುವುದು ಹೇಗೆ? ಕಾರಂಜಾ ಜಲಾಶಯಕ್ಕೆ ಹೊಲಮನೆ ಬಿಟ್ಟುಕೊಟ್ಟ ನಮ್ಮಲ್ಲೂ ಮುತ್ತಜ್ಜಿಯ ಕಂಬಳಿ ಇದೆ.
– ಓದುಗರು, ಭಾಲ್ಕಿ

ಉತ್ತರ: ಎರಡಕ್ಕೂ ಉಪಚಾರ ಒಂದೇ. ಮಡಚಿಡಬೇಡಿ, ಮಡಿಕೆಯ ಗೆರೆಯಲ್ಲೇ ನೂಲು ಮೊದಲು ಕಡಿಯುತ್ತದೆ. ಧೂಳು ತೆಗೆದು ದಪ್ಪ ಕೊಳವೆಗೆ ಸುತ್ತಿ. ರತ್ನಗಂಬಳಿಯಾದರೆ ಜುಂಗಿನ ಮೈ ಹೊರಗಿರಲಿ. ಮೇಲೆ ಒಗೆದ ಹತ್ತಿ ಬಟ್ಟೆ. ಪ್ಲಾಸ್ಟಿಕ್‌ನಲ್ಲಿಟ್ಟರೆ ಮಳೆಗಾಲದ ತೇವ ಒಳಗೇ ನಿಂತು ಬೂಷ್ಟು ಹಿಡಿಯುತ್ತದೆ.

ಉಣ್ಣೆ ತಿನ್ನುವುದು ನುಸಿಯ ಮರಿಹುಳು; ಬೇವಿನೆಲೆಯನ್ನೇ ನಂಬಿ ಕೂರಬೇಡಿ. ಹುಳು ಕಂಡರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮೈನಸ್ 18–20 ಡಿಗ್ರಿಯ ಫ್ರೀಜರ್‌ನಲ್ಲಿ ಎರಡು ವಾರ ಇಡಿ. ಹೊರತೆಗೆದ ದಿನವೇ ಚೀಲ ಬಿಚ್ಚಿದರೆ ಉಣ್ಣೆಯ ಮೇಲೆ ನೀರು ಕೂರುತ್ತದೆ.

ನೇಯ್ದವರ ಹೆಸರು, ಊರು ಬರೆದ ಬಟ್ಟೆಚೀಟಿ ಹೊಲಿಯಿರಿ. 2020ರ ಕರಾಬಾಖ್ ಯುದ್ಧದಲ್ಲಿ ಅಲ್ಲಿನ ಶುಶಿ ಪಟ್ಟಣದ ರತ್ನಗಂಬಳಿ ಸಂಗ್ರಹಾಲಯದ ಒಂದು ಭಾಗವಷ್ಟೇ ಅರ್ಮೇನಿಯಾದ ರಾಜಧಾನಿ ಯೆರೆವಾನ್ ತಲುಪಿತು. ಆದ್ದರಿಂದ ಫೋಟೊ ಇವತ್ತೇ ತೆಗೆಯಿರಿ, ಹಿಂಬದಿಯ ಗಂಟುಗಳದ್ದೂ.