ಹಿಸ್ಟರಿ ತೆಗೆಯೋದನ್ನ (ರೋಗಿಯನ್ನ ಕೇಳಿ ಕಾಯಿಲೆಯ ವಿವರ ಪಡೆಯೋದನ್ನ) ಕಲಿಯೋಕೆ ಯಾವ ಎಐ ಆ್ಯಪ್ ಒಳ್ಳೇದು? ವಾರ್ಡಿಗೆ ಹೋಗೋ ಬದಲು ಇದೇ ಸಾಕಾಗುತ್ತಾ?
ಸಾಕಾಗಲ್ಲ. ಆ್ಯಪ್ ಯಾವುದಾದರೂ ನಡೆಯುತ್ತೆ, ಅದಕ್ಕೆ ನೀವು ಏನು ಬರೆದು ಕೊಡ್ತೀರಿ ಅನ್ನೋದೇ ಮುಖ್ಯ. ಎಂಬಿಬಿಎಸ್ ಓದುವಾಗ ನಾನೂ ಚಾಟ್‌ಜಿಪಿಟಿಯನ್ನೇ ರೋಗಿ ಮಾಡಿಕೊಂಡು ಅಭ್ಯಾಸ ಮಾಡಿದ್ದೆ. ಮೆಡಿಸಿನ್ ಇಂಟರ್ನಲ್ಸ್‌ನಲ್ಲಿ ಲಾಂಗ್ ಕೇಸ್ (ಒಬ್ಬ ರೋಗಿಯನ್ನ ಪೂರ್ತಿ ವಿಚಾರಿಸಿ, ಪರೀಕ್ಷಿಸಿ ಹೇಳೋ ಭಾಗ) ಕೈತಪ್ಪಿತು.

ತಪ್ಪು ಒಂದೇ. "ನೀನು ಹೃದಯಾಘಾತ ಆಗಿರೋ ರೋಗಿ, ನಾನು ಹಿಸ್ಟರಿ ಕೇಳ್ತೀನಿ" ಅಂತ ಶುರು ಮಾಡ್ತಿದ್ದೆ. ರೋಗದ ಹೆಸರು ಸಿಕ್ಕಿದ್ದೇ ತಡ, ಅದು ಪಠ್ಯಪುಸ್ತಕ ಒಪ್ಪಿಸುತ್ತೆ. "ಏನು ತೊಂದರೆ?" ಅಂದರೆ, "ನನಗೆ ಎದೆಯ ಮಧ್ಯಭಾಗದಲ್ಲಿ ಹಿಂಡಿದಂತಹ ನೋವು ಉಂಟಾಗುತ್ತಿದ್ದು, ಎಡಗೈಗೆ ಹರಡುತ್ತಿದೆ, ವಿಪರೀತ ಬೆವರುತ್ತಿದ್ದೇನೆ" ಅನ್ನುತ್ತೆ. ಎಲ್ಲಿ ನೋವು, ಎಂಥ ನೋವು, ಎಲ್ಲಿಗೆ ಹರಡುತ್ತೆ, ಜೊತೆಗೇನಿದೆ, ಈ ನಾಲ್ಕೂ ನಾನು ಕೇಳಬೇಕಾದ ಪ್ರಶ್ನೆಗಳು. ಒಂದನ್ನೂ ಕೇಳದೆ ಉತ್ತರ ಸಿಕ್ಕಿಬಿಡ್ತಿತ್ತು. ರೋಗ ಯಾವುದು ಅಂತ ಮೊದಲೇ ಗೊತ್ತಿದ್ದರಿಂದ ಬೇರೇನಿರಬಹುದು ಅಂತ ಯೋಚಿಸೋ ಕೆಲಸವೂ ಇರಲಿಲ್ಲ. ಪರೀಕ್ಷೆಯಲ್ಲಿ ಸಿಕ್ಕ ರೋಗಿ ಹೇಳಿದ್ದು ಇಷ್ಟು: "ಗ್ಯಾಸ್ ಆಗಿತ್ರಿ, ಎದಿ ಉರೀತಿತ್ತು, ಸಂಕಟ ಆಗ್ತಿತ್ತು." ಬೆವರು ಬಂತಾ, ನಡೆದರೆ ಜಾಸ್ತಿ ಆಗುತ್ತಾ ಅಂತ ಕೇಳಲೇ ಇಲ್ಲ. ಆಸಿಡ್ ಪೆಪ್ಟಿಕ್, ಅಂದರೆ ಹೊಟ್ಟೆಯ ಆಸಿಡ್ ತೊಂದರೆ, ಅಂತ ಬರೆದೆ. ಅವರಿಗೆ ಆಗಿದ್ದು ಇನ್‌ಫೀರಿಯರ್ ವಾಲ್ ಎಂಐ (ಹೃದಯದ ಕೆಳಗೋಡೆಯ ಹೃದಯಾಘಾತ), ಜೊತೆಗೆ ಸಕ್ಕರೆ ಕಾಯಿಲೆ.

ಈಗ ಜೂನಿಯರ್‌ಗಳಿಗೆ ಹೇಳಿಕೊಡೋದು ಹೀಗೆ. ನಾಲ್ಕು ಜನ ಸೇರಿ, ಒಬ್ಬರ ಕೇಸನ್ನ ಇನ್ನೊಬ್ಬರು ಬರೀಲಿ. ಎಐಗೆ ಕೊಡೋ ಒಂದು ಕಾರ್ಡಿಗೆ ಮೂರು ಭಾಗ. ತಾನಾಗೇ ಹೇಳೋದು: 58 ವರ್ಷದ ರೈತ, ನಿನ್ನೆ ರಾತ್ರಿಯಿಂದ ಗ್ಯಾಸ್, ಎದೆ ಉರಿ. ಕೇಳಿದರೆ ಮಾತ್ರ ಹೇಳೋದು: ಬೆವರಿ ಅಂಗಿ ಒದ್ದೆಯಾಗಿದ್ದು, ಎರಡು ಸಲ ವಾಂತಿ, ಒಂದು ತಿಂಗಳಿಂದ ದಿಬ್ಬ ಹತ್ತಿದರೆ ಎದೆ ಹಿಡಿಯೋದು ಮತ್ತು ಕೂತರೆ ಬಿಡೋದು, 30 ವರ್ಷದ ಬೀಡಿ. ಅವರಿಗೇ ಗೊತ್ತಿಲ್ಲದ್ದು: ಬಿಪಿ ಎಷ್ಟು, ಮಾತ್ರೆ ಹೆಸರೇನು ("ಬಿಳೀದು, ದೊಡ್ಡದು"). ರೋಗದ ಹೆಸರನ್ನ ಎಲ್ಲೂ ಬರೀಬಾರದು.

ಕೆಳಗೆ ನಿಯಮ ಸೇರಿಸಿ: ಒಂದು ಉತ್ತರ ಎರಡು ವಾಕ್ಯ ಮೀರಬಾರದು, ಕೇಳದ್ದನ್ನ ಹೇಳಬಾರದು, ಇಂಗ್ಲಿಷ್ ವೈದ್ಯಕೀಯ ಪದ ಬಂದರೆ "ಗೊತ್ತಾಗ್ಲಿಲ್ಲ ಡಾಕ್ಟ್ರೇ" ಅನ್ನಬೇಕು. "ಉಂಟಾಗುತ್ತಿದೆ" ಥರದ ಪುಸ್ತಕದ ಕನ್ನಡ ಬೇಡ ಅಂತ ಹೇಳಿ, ಊರಿನ ಮಾತಿನ ಐದಾರು ಸಾಲು ನೀವೇ ಮಾದರಿಗೆ ಕೊಡಿ. "ತಲೆಸುತ್ತು" ಅನ್ನೋದನ್ನ ಖಂಡಿತ ಹಾಕಿ. ಕೋಣೆ ತಿರುಗಿದಂತಾದರೂ, ಕಣ್ಣು ಕತ್ತಲೆ ಬಂದರೂ ನಮ್ಮ ಜನ ಅದನ್ನೇ ಅಂತಾರೆ, ಬಿಡಿಸಿ ಕೇಳೋದು ನಿಮ್ಮ ಕೆಲಸ. ಮಾತು ಉದ್ದವಾದಂತೆ ಎಐ ನಿಯಮ ಮರೆತು ಎಲ್ಲವನ್ನೂ ಸುರಿಯೋಕೆ ಶುರು ಮಾಡುತ್ತೆ, ಆಗ ಕಾರ್ಡನ್ನ ಮತ್ತೆ ಹಾಕಿ.

ತಪ್ಪು ಹುಡುಕೋಕೆ ಹೊಸ ಚಾಟ್ ತೆರೆಯಿರಿ. "ಹೇಗೆ ಮಾಡಿದೆ?" ಅಂದರೆ ಹೊಗಳಿ ಕಳಿಸುತ್ತೆ. ಪುಸ್ತಕ ನೋಡಿ ಕೇಳಲೇಬೇಕಾದ 20 ಅಂಶಗಳ ಪಟ್ಟಿ ನೀವೇ ಮಾಡಿ, ಸಂಭಾಷಣೆಯ ಜೊತೆ ಹಾಕಿ, "ಯಾವುದು ಕೇಳಿಲ್ಲ? ಕೇಳಿದ್ದಕ್ಕೆ ನನ್ನ ವಾಕ್ಯವನ್ನೇ ಎತ್ತಿ ತೋರಿಸು" ಅನ್ನಿ. ಚಿಕಿತ್ಸೆ, ಡೋಸು ಮಾತ್ರ ಅದರ ಬಾಯಿಂದ ಕಲಿಯಬೇಡಿ. ಯೂನಿಟ್ಟೂ ನೋಡಿಕೊಳ್ಳಿ: ಸಕ್ಕರೆ 11 ಅಂದರೆ ಅದು ಮಿಲಿಮೋಲ್ ಲೆಕ್ಕ, 18ರಿಂದ ಗುಣಿಸಿದರೆ ನಮ್ಮ ಲ್ಯಾಬಿನ ಮಿಲಿಗ್ರಾಂ ಲೆಕ್ಕದಲ್ಲಿ 198. ನಿಜವಾದ ರೋಗಿಯ ಹೆಸರು, ಕೇಸ್ ಶೀಟಿನ ಫೋಟೋ ಯಾವತ್ತೂ ಹಾಕಬೇಡಿ.

ಇಷ್ಟಾದರೂ ವಾರ್ಡ್ ಬಿಡೋ ಹಾಗಿಲ್ಲ. "ಎಲ್ಲಿ ನೋವು, ಕೈಯಿಟ್ಟು ತೋರಿಸಿ" ಅಂದಾಗ ಒಬ್ಬರು ಒಂದು ಬೆರಳಲ್ಲಿ ತೋರಿಸ್ತಾರೆ, ಇನ್ನೊಬ್ಬರು ಮುಷ್ಟಿಯನ್ನ ಎದೆಗೆ ಒತ್ತಿ ಹಿಡೀತಾರೆ. ಹಗಲು ಮಂಚದ ಪಕ್ಕ ನಿಂತು ಒಬ್ಬರನ್ನ ಕೇಳಿ, ರಾತ್ರಿ ಅವರ ಮಾತಿನ ಧಾಟಿಯಲ್ಲೇ ಸ್ನೇಹಿತನಿಗೊಂದು ಕಾರ್ಡ್ ಬರೆಯಿರಿ.